ಜಯಮಾಲಾ ಅಕ್ಕೋರು ಶೂ ಬಿಚ್ಚಿದ ದಿನ

ಸಭೆಗೆ ನಮಸ್ಕಾರ. ಅಧ್ಯಕ್ಷತೆ ವಹಿಸಿರುವ ನಮ್ಮ ಮುಖ್ಯಗುರುಗಳಾದ ನಿಜಾಮುದ್ದೀನ ಸರ್ ಅವರಿಗೆ, ಕನ್ನೊಳ್ಳಿಯ ಹಿರಿಯರಿಗೆ, ಜಮಖಾನೆಯ ಮೇಲೆ ಕುಳಿತಿರುವ ತಾಯಂದಿರಿಗೆ, ನನ್ನ ವಿದ್ಯಾರ್ಥಿನಿಯರಿಗೆ — ಮತ್ತು ಮುಂದಿನ ಸಾಲಿನಲ್ಲಿರುವ ಜಯಮಾಲಾ ಅಕ್ಕೋರ ಯಜಮಾನರಾದ ಸಂಜೀವಕುಮಾರ ಅವರಿಗೆ, ಮಗಳು ವಿದ್ಯಾವತಿಗೆ. ನಿಮ್ಮಿಬ್ಬರ ಮುಖ ನೋಡಿ ಮಾತಾಡುವ ಧೈರ್ಯ ನನಗಿಲ್ಲ. ಎದುರಿನ ಆ ಗೋಡೆ ನೋಡಿಕೊಂಡು ಮಾತಾಡುತ್ತೇನೆ. ತಪ್ಪು ತಿಳಿಯಬೇಡಿ.

ನಾನು ಸುನೀತಾ. ಈ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಊರಿಗೆ ಇಲ್ಲಿನ ಟೀಚರೆಲ್ಲ ಅಕ್ಕೋರೇ, ನನಗೆ ಅಕ್ಕೋರೆಂದರೆ ಜಯಮಾಲಾ ಅವರೊಬ್ಬರೇ. ಗೈಡ್ಸ್ ದಳಕ್ಕೆ ಅಕ್ಕೋರು ಕ್ಯಾಪ್ಟನ್, ನಾನು ಸಹಾಯಕಿ — ಹೆಸರಿಗೆ ಸಹಾಯಕಿ. ಹಲ್ಲಿ ಬಿದ್ದರೆ ಬೆಂಚು ಹತ್ತುವ ಹೆಣ್ಣು ನಾನು, ಇಲ್ಲಿನ ಹುಡುಗಿಯರಿಗೆಲ್ಲ ಅದು ಗೊತ್ತು. ನಗಬಹುದು, ಅಕ್ಕೋರೂ ನಗುತ್ತಿದ್ದರು. ಈಗ ಮೈಕನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದೇನೆ, ಅದೂ ನಿಮಗೆ ಕಾಣುತ್ತಿದೆ. ಕಾಣಲಿ.

ಗೈಡ್ಸ್ ಎಂದರೆ ನೀಲಿ ಬಟ್ಟೆ, ಕೊರಳಲ್ಲಿ ಸ್ಕಾರ್ಫ್, ಆಗಸ್ಟ್ ಹದಿನೈದಕ್ಕೆ ಪರೇಡ್ — ಇಷ್ಟೇ ಎಂದು ನಾವೆಲ್ಲ ತಿಳಿದಿದ್ದೆವು. ಅಕ್ಕೋರಿಗೆ ಅಷ್ಟು ಸಾಲಲಿಲ್ಲ. ನಮ್ಮ ಹುಡುಗಿಯರು ರಾಜ್ಯ ಪುರಸ್ಕಾರ ಪಡೆಯಲೇಬೇಕು ಎಂದು ಹಟ ಹಿಡಿದರು. ಅದು ಓದಿ ಬರೆದು ಸಿಗುವಂಥದ್ದಲ್ಲ. ಊರಿಗೆ ಸೇವೆ ಮಾಡಬೇಕು, ಗಾಯಕ್ಕೆ ಪಟ್ಟಿ ಕಟ್ಟಲು ಬರಬೇಕು, ಬಯಲಲ್ಲಿ ಒಲೆ ಹೂಡಿ ಅಡುಗೆ ಮಾಡಬೇಕು, ಗುರುತಿಲ್ಲದವರ ಎದುರು ನಿಂತು ಉತ್ತರ ಕೊಡಬೇಕು. ಈ ಮಕ್ಕಳು ಓಣಿಯ ಮುದುಕಿಯರನ್ನು ಕಣ್ಣಿನ ತಪಾಸಣೆಗೆ ಕೈಹಿಡಿದು ಕರೆದೊಯ್ದರು. ನಳದ ಸುತ್ತ ನಿಂತ ರಾಡಿ ಎತ್ತಿದರು. ಇನ್ನು ಪಲ್ಲವಿ — ಅಳಬೇಡ ತಂಗಿ, ಕೂಡು — ಹಾಜರಿ ಕರೆದಾಗ ಇವಳ ತುಟಿ ಆಡುತ್ತಿತ್ತೇ ಹೊರತು ದನಿ ಕೇಳುತ್ತಿರಲಿಲ್ಲ. ಅಕ್ಕೋರು ಇವಳನ್ನೇ ತಂಡದ ಮುಂದಾಳು ಮಾಡಿದರು!

"ಬ್ಯಾರೆ ಯಾರೂ ಸಿಗಲಿಲ್ಲೇನ್ರಿ ಅಕ್ಕೋರ?" ಎಂದು ನಾನು ಕೇಳಿದೆ.

"ಒದರೋರು ಭಾಳ ಮಂದಿ ಅದಾರ ಸುನೀತಾ. ಈಕಿ ಒದರೋದು ನಾ ಕೇಳಬೇಕಾಗೇತಿ" ಎಂದರು.

ಇನ್ನು — ಆ ದಿನ.

ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದೀರಿ. ನಾನು ಅಲ್ಲಿದ್ದೆ. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ, ನಡುವೆ ಮಾತು ನಿಂತರೆ ಸ್ವಲ್ಪ ತಡೆದುಕೊಳ್ಳಿ.

ಹೊಲದ ಹಾದಿಯಲ್ಲಿ ಹುಡುಗಿಯರನ್ನು ನಡಿಗೆಗೆ ಕರೆದುಕೊಂಡು ಹೋಗಿದ್ದೆವು. ಪುರಸ್ಕಾರಕ್ಕೆ ಅದೂ ಬೇಕು. ಅಕ್ಕೋರದು ಒಂದು ಕಟ್ಟಪ್ಪಣೆ ಇತ್ತು: ಹುಳಹುಪ್ಪಡಿ ಇರುತ್ತವೆ, ಹೊಲದಲ್ಲಿ ಯಾರೂ ಶೂ ಬಿಚ್ಚಬಾರದು. ಕಾಲು ಬೆವರಲಿ, ಬೊಬ್ಬೆ ಏಳಲಿ, ಬಿಚ್ಚಬಾರದು. ಸಿದ್ದವ್ವ ಆಯಿಯ ಹೊಲದಲ್ಲಿ ಜೋಳದ ರಾಶಿ ಮಾಡಿದ್ದರು. ರಾಶಿ ಇದ್ದ ಕಣವನ್ನು ಚಪ್ಪಲಿ ಮೆಟ್ಟಿಕೊಂಡು ತುಳಿಯಬಾರದು, ಅದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆಯಿ ಪ್ರೀತಿಯಿಂದ ಕರೆದರು:

"ಬರ್ರಿ ಯವ್ವಾ, ಕಾಲ್ಮರಿ ಬಿಟ್ಟು ಒಳಗ ಬರ್ರಿ. ರಾಶಿಗೆ ಕೈ ಮುಗದು ಒಂದೀಟು ಮಜ್ಜಿಗಿ ಕುಡೀರಿ."

ಹುಡುಗಿಯರು ಬಗ್ಗಿ ಲೇಸಿಗೆ ಕೈ ಹಾಕಿಯೇ ಬಿಟ್ಟಿದ್ದರು. ಅಕ್ಕೋರು ತಡೆದರು. ತಾವೇ ಕೊಟ್ಟ ಅಪ್ಪಣೆ ಮುರಿಯುವಂತಿಲ್ಲ. ರಾಶಿಗೆ, ಕರೆದ ಹಿರಿಯ ಜೀವಕ್ಕೆ ಅಪಮಾನ ಮಾಡುವಂತೆಯೂ ಇಲ್ಲ. "ನೀವೆಲ್ಲಾ ಇಲ್ಲೇ ನಿಂದ್ರಿ. ನಿಮ್ಮೆಲ್ಲಾರ ಪರವಾಗಿ ನಾ ಒಬ್ಬಾಕಿ ಹೋಗಿ ಕೈ ಮುಗದು ಬರ್ತೇನಿ" ಎಂದು ತಮ್ಮ ಶೂ ಬಿಚ್ಚಿ, ಬರಿಗಾಲಲ್ಲಿ ಕಣಕ್ಕೆ ಹೋದರು. ಕೈ ಮುಗಿದರು. ತಿರುಗಿ ಬರುವಾಗ ಒಣ ಜೋಳದ ದಂಟಿನ, ಆ ಕಣಿಕೆಯ ಕಟ್ಟುಗಳ ಬದಿಗೆ ಕಾಲಿಟ್ಟರು.

ಅವರು ಚೀರಲಿಲ್ಲ. "ಅಯ್ಯ" ಎಂದರು, ಅಷ್ಟೇ. ಚೀರಿದ್ದು ನಾನು. ಮೇವಿನ ಕಟ್ಟಿನೊಳಗೆ ಹಾವು ಸರಸರ ಸರಿದು ಹೋದದ್ದನ್ನು ಕಂಡೆ — ಈಗಲೂ ಕಾಣುತ್ತಿದೆ. ಸೀರೆಯ ಅಂಚು ಕಾಲಿಗೆ ತಾಗಿದರೂ ಜೀವ ಹೌಹಾರುತ್ತದೆ.

ನನಗೆ ಕೈಕಾಲೇ ಆಡಲಿಲ್ಲ. ಹುಡುಗಿಯರಿಗೆ ಆಡಿದವು. ಅಕ್ಕೋರನ್ನು ಅಲುಗಾಡದಂತೆ ಮಲಗಿಸಿದರು. ಕಾಲಿಗೆ ದಬ್ಬೆ ಇಟ್ಟು, ಬಿಗಿಯದಂತೆ ಸ್ಕಾರ್ಫ್ ಸುತ್ತಿದರು. ರಾಶಿಗೆ ತಂದಿದ್ದ ಗೋಣಿಚೀಲಗಳ ತಳದ ಮೂಲೆ ಹರಿದು, ಒಳಗೆ ತಮ್ಮ ಬಿದಿರು ಕೋಲು ತೂರಿಸಿ — ಹೀಗೆ, ಎರಡೂ ಕಡೆ — ಡೋಲಿ ಮಾಡಿದರು. ಇದನ್ನು ಕಲಿಸಿದವರನ್ನೇ ಅದರ ಮೇಲೆ ಮಲಗಿಸಿದರು. ಹೊತ್ತೊಡನೆ ಓಡತೊಡಗಿದರು, ಡೋಲಿ ಹೊಯ್ದಾಡಿತು. ಅಕ್ಕೋರು ಮಲಗಿದಲ್ಲಿಂದಲೇ ಹೇಳಿದರು: "ನನಗೂ ಅಂಜಿಕಿ ಬಂದೈತಿ, ನಿಮಗೂ ಬಂದೈತಿ. ಇರಲಿ. ಅಂಜಕೋಂತನ ನಡೀರಿ. ಓಡಬ್ಯಾಡ್ರಿ."

ದಾರಿಯಲ್ಲಿ ಮಂದಿ ಕೂಡಿತು. "ಬೇವಿನ ತಪ್ಪಲಾ ತಿನ್ನಿಸ್ರಿ, ಕಹಿ ಹತ್ತತೈತೋ ಇಲ್ಲೋ ನೋಡ್ರಿ" ಎಂದರು ಒಬ್ಬರು. "ಮಂತ್ರ ಹಾಕೋರ ಕಡೆ ಒಯ್ರಿ" ಎಂದರು ಇನ್ನೊಬ್ಬರು. ಯಾರದೂ ಕೆಟ್ಟ ಮನಸ್ಸಲ್ಲ. ಆದರೆ ಡೋಲಿ ನಿಂತುಬಿಟ್ಟಿತು. ಆಗ ಪಲ್ಲವಿ —

"ಹಾದಿ ಬಿಡ್ರೀ! ದವಾಖಾನಿಗೆ ಒಯ್ಯಾಕತ್ತೇವಿ, ಹಾದಿ ಬಿಡ್ರೀ!"

ಆಚೆ ಹೊಲದವರು ತಿರುಗಿ ನೋಡಿದರು. ಮಂದಿ ಸರಿದು ನಿಂತರು. ಡೋಲಿಯ ಮೇಲೆ ಅಕ್ಕೋರು ಕಣ್ಣು ತೆರೆದು, "ಒದರಿದೆಲ್ಲ ಯವ್ವಾ" ಎಂದರು. ನಕ್ಕರು ಕೂಡ.

ಟಂಟಂ ಆಟೋ ಸಿಕ್ಕಿತು. ಸಿಂದಗಿ ತಲುಪಿದೆವು. ಅಲ್ಲಿಂದ ವಿಜಯಪುರಕ್ಕೆ ಕಳಿಸಿದರು. ಡಾಕ್ಟರು ಮಾಡಬೇಕಾದದ್ದೆಲ್ಲ ಮಾಡಿದರು. ಮರುದಿನ ಮುಂಜಾನೆ ಅಕ್ಕೋರು ಹೋದರು.

ಹುಡುಗಿಯರು ಒಂದು ತಪ್ಪೂ ಮಾಡಿರಲಿಲ್ಲ. ಡಾಕ್ಟರೇ ಹೇಳಿದರು. ನನ್ನನ್ನು ಅಂಜಿಸುತ್ತಿರುವುದು ಇದೇ, ಬಂಧುಗಳೇ, ಇದೇ. ಏನಾದರೂ ತಪ್ಪಾಗಿದ್ದರೆ ಇನ್ನೊಮ್ಮೆ ಹಾಗೆ ಮಾಡಬಾರದು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ ಹೀಗಾಗುತ್ತದೆ ಎಂದರೆ, ನಾವು ಯಾವುದನ್ನು ಹಿಡಿದುಕೊಂಡು ನಿಲ್ಲಬೇಕು? ನನಗೆ ಗೊತ್ತಿಲ್ಲ. ಗೊತ್ತಿದ್ದವರು ಹೇಳಿ.

ಸಿದ್ದವ್ವ ಆಯಿ ಅಲ್ಲಿ ಗೇಟಿನ ಹತ್ತಿರ ಕುಳಿತಿದ್ದಾರೆ, ಒಳಗೆ ಬರಲು ಒಲ್ಲೆ ಎಂದರಂತೆ. ಆಯಿ, ನೀವು ಸರಿಯಾಗಿ ಉಣ್ಣುತ್ತಿಲ್ಲ ಎಂದು ಕೇಳಿದೆ. ಟಂಟಂನಲ್ಲಿ ಅಕ್ಕೋರು ನನ್ನ ಕೈ ಹಿಡಿದು ಹೇಳಿದ ಮಾತನ್ನು ನಿಮಗೆ ಮುಟ್ಟಿಸಬೇಕಾಗಿದೆ: "ಆಯಿಗೆ ಹೇಳು, ಮಜ್ಜಿಗಿ ಕುಡಿಯೋದು ಉಳೀತು ಅಂತ." ಅವರ ಮನಸ್ಸಿನಲ್ಲಿ ನಿಮ್ಮ ಮೇಲೆ ಇದ್ದದ್ದು ಇಷ್ಟೇ. ದಯವಿಟ್ಟು ಒಳಗೆ ಬನ್ನಿ. ಯಾರಾದರೂ ಆಯಿಗೆ ಕೈ ಕೊಡಿ.

ಇನ್ನೊಂದು ಮಾತಿದೆ. ಅದನ್ನು ಹೇಳಲಿಕ್ಕೇ ನಾನು ಎದ್ದದ್ದು.

ಮುಂದಿನ ವಾರ ಮುದ್ದೇಬಿಹಾಳದಲ್ಲಿ ಪುರಸ್ಕಾರದ ಪರೀಕ್ಷಾ ಶಿಬಿರ. ನಮ್ಮ ಶಾಲೆಯಿಂದ ಇದುವರೆಗೆ ಯಾರೂ ಹೋದವರಲ್ಲ. ತಾಯಂದಿರು ಬಂದು ಮಕ್ಕಳನ್ನು ಕಳಿಸಲು ಒಲ್ಲೆವೆಂದು ಹೇಳಿ ಹೋಗಿದ್ದೀರಿ. ಪಲ್ಲವಿಯ ತಾಯಿ ಶೆಟ್ಟೆವ್ವ ನನ್ನನ್ನು ಕೇಳಿದರು: "ಬಿಲ್ಲೆ ತಗೊಂಡು ಏನ್ ಮಾಡೂದೈತ್ರಿ ಅಕ್ಕೋರ? ನನ್ನ ಮಗಳು ನನ್ನ ಕಣ್ಣ ಮುಂದ ಇದ್ರ ಸಾಕು." ನನಗೂ ಹಾಗೆಯೇ ಅನಿಸುತ್ತಿತ್ತು. ನಿಜಾಮುದ್ದೀನ ಸರ್ ದಿನವೂ ಕೇಳಿದರು, "ನೀವು ಕರಕೊಂಡು ಹೋಗ್ತೀರೇನ್ರಿ?" ಬೇರೆ ಟೀಚರ್ ಇಲ್ಲ. ನಾನು ದಿನವೂ "ನಾಳೆ ಹೇಳ್ತೇನ್ರಿ ಸರ್" ಎಂದೆ.

ನಿನ್ನೆ ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿದೆ. ಮೈದಾನದಲ್ಲಿ ಹುಡುಗಿಯರು ಗಂಟು ಹಾಕುವುದನ್ನು ರೂಢಿ ಮಾಡುತ್ತಿದ್ದರು. ಯಾರೂ ಕರೆದಿರಲಿಲ್ಲ. ಒಬ್ಬಳು ಅಳುತ್ತಲೇ ಗಂಟು ಹಾಕುತ್ತಿದ್ದಳು. ಮೂಗು ಒರೆಸಿಕೊಳ್ಳುವುದು, ಮತ್ತೆ ಹಗ್ಗ ಹಿಡಿಯುವುದು. ಗಂಟು ಮಾತ್ರ ಸರಿಯಾಗಿಯೇ ಬೀಳುತ್ತಿತ್ತು. ಅದನ್ನು ನೋಡಿದ ಮೇಲೆ ನನಗೆ ಇನ್ನೊಂದು ಸಲ "ನಾಳೆ" ಎನ್ನಲು ಬಾಯಿ ಬರಲಿಲ್ಲ.

ಸರ್, ನಾನು ಕರೆದುಕೊಂಡು ಹೋಗುತ್ತೇನೆ. ಧೈರ್ಯ ಬಂತು ಎಂದಲ್ಲ, ಬಂದಿಲ್ಲ. ತಾಯಂದಿರೇ, ನಿಮ್ಮ ಮಕ್ಕಳಿಗೆ ಏನೂ ಆಗುವುದಿಲ್ಲ ಎಂದು ಆಣೆ ಮಾಡಿ ಹೇಳಲು ನನ್ನಿಂದ ಆಗುವುದಿಲ್ಲ. ಅಂಥ ಆಣೆ ಯಾರಿಂದಲೂ ಆಗುವುದಿಲ್ಲ ಎಂದು ಈಗ ಗೊತ್ತಾಗಿದೆ. ಅವರ ಮೇಲಿನ ಕಣ್ಣು ತೆಗೆಯುವುದಿಲ್ಲ, ಅಷ್ಟು ಹೇಳಬಲ್ಲೆ.

ಈಗ ಜಯಮಾಲಾ ಅಕ್ಕೋರಿಗಾಗಿ ನಾವೆಲ್ಲ ಎದ್ದು ನಿಂತು ಎರಡು ನಿಮಿಷ ಮೌನವಾಗಿರೋಣ. ಮೌನ ಮುಗಿಯಿತೆಂದು ಸರ್ ಹೇಳಿದ ಮೇಲೆ, ಮಗಳನ್ನು ಕಳಿಸುವ ತಾಯಂದಿರು ಹಾಗೆಯೇ ನಿಂತಿರಿ. ಕಳಿಸದವರು ಕುಳಿತುಕೊಳ್ಳಿ. ಕುಳಿತವರ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ, ನಾನೂ ಹೆತ್ತವಳು. ನಾನು ಕಣ್ಣು ಮುಚ್ಚಿಕೊಂಡೇ ಇರುತ್ತೇನೆ, ತೆರೆದು ನೋಡಲು ಅಂಜಿಕೆ. ಶೆಟ್ಟೆವ್ವ, ನೀವು ಎಲ್ಲರಿಗಿಂತ ಮುಂದಿದ್ದೀರಿ. ನೀವು ಕುಳಿತರೆ ಬಳೆಯ ಸಪ್ಪಳ ನನಗೆ ಕೇಳುತ್ತದೆ.

ದಯವಿಟ್ಟು — ಎಲ್ಲರೂ ಎದ್ದು ನಿಲ್ಲಿ.