ಬ್ರೇಕಮ್ಮನ ಪರವಾಗಿ ಎರಡು ಮಾತು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಬಸ್ ಡಿಪೋದ ವ್ಯವಸ್ಥಾಪಕರೇ, ದೂರದಿಂದ ಬಂದು ನಮ್ಮ ಗದ್ದಲವನ್ನು ನಗುನಗುತ್ತಾ ಸಹಿಸಿಕೊಂಡಿರುವ ಮುಖ್ಯ ಅತಿಥಿಗಳೇ, ಚಾಲಕ ನಿರ್ವಾಹಕ ಮಿತ್ರರೇ, ಗ್ಯಾರೇಜಿನಿಂದ ಕೈ ಒರೆಸಿಕೊಳ್ಳುತ್ತಲೇ ಬಂದು ಬಾಗಿಲ ಹತ್ತಿರ ನಿಂತಿರುವ ಮೆಕ್ಯಾನಿಕ್ ಮಿತ್ರರೇ, ನನ್ನ ಪ್ರೀತಿಯ ಸಭಿಕರೇ,

ಕಾರ್ಯದರ್ಶಿಗಳು ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಪಾಪ, ಅವರಿಗೆ ನನ್ನ ಪೂರ್ವಾಶ್ರಮ ಗೊತ್ತಿಲ್ಲ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಳಾದವಳು. ಜೀವಮಾನವೆಲ್ಲ ಬೇರೆಯವರ ಮಾತಿಗೆ ಲೈನ್ ಕೊಟ್ಟೆ. ಇವತ್ತು ಲೈನ್ ನನ್ನ ಕೈಗೇ ಸಿಕ್ಕಿದೆ. ಸುಲಭವಾಗಿ ಬಿಡುತ್ತೇನೆಯೇ?

ಈ ವರ್ಷದ ಅತ್ಯುತ್ತಮ ಚಾಲಕಿ ಎಂದು ಈಗಷ್ಟೇ ನೀವೆಲ್ಲ ಚಪ್ಪಾಳೆ ತಟ್ಟಿದಿರಲ್ಲ, ಅವಳು ನನ್ನ ಸೊಸೆ. ಮನೆಯಲ್ಲಿ ಅವಳಿಗೆ ಬೇರೆ ಹೆಸರಿದೆ. ಇಲ್ಲಿ ನೀವು ಕರೆಯುವುದು ಬ್ರೇಕಮ್ಮ. ಕೆಲಸಕ್ಕೆ ಸೇರಿದ ಹೊಸದರಲ್ಲಿ ರಸ್ತೆಯಂಚಿನಲ್ಲಿ ನಾಯಿ ಮೈ ಕೊಡವಿದರೂ ಬ್ರೇಕ್ ಒತ್ತುತ್ತಿದ್ದಳಂತೆ. ಪ್ರಯಾಣಿಕರು ಗೊಣಗಿದರು, ಜೊತೆಯವರು ಹಾಸ್ಯ ಮಾಡಿದರು. ಕೆಲವು ವರ್ಷ ಕಳೆಯುವುದರೊಳಗೆ ಅದೇ ದಾರಿಯ ತಾಯಂದಿರು ಬಂದ ಬಸ್ಸನ್ನೂ ಬಿಟ್ಟು, ಬ್ರೇಕಮ್ಮನ ಬಸ್ಸಿಗೆಂದು ಮಕ್ಕಳನ್ನು ನಿಲ್ಲಿಸಿಕೊಂಡು ಕಾಯತೊಡಗಿದರು. ಅಣಕಕ್ಕೆ ಇಟ್ಟ ಹೆಸರು ಬಿರುದಾಯಿತು. ಇಂಥ ಭಾಗ್ಯ ಎಷ್ಟು ಜನರಿಗೆ ಸಿಗುತ್ತದೆ?

ಆದರೆ ನಾನು ಹೇಳಹೊರಟಿರುವುದು ಅವಳು ಬಸ್ಸು ಓಡಿಸಿದ ಕಥೆಯಲ್ಲ, ಓಡಿಸುವುದಿಲ್ಲ ಎಂದ ಕಥೆ.

ಒಂದು ಬೆಳಿಗ್ಗೆ, ಇದೇ ಅಂಗಳದಲ್ಲಿ, ಹೊರಡುವ ಮುಂಚೆ ಅವಳು ಬಸ್ಸಿನ ಹಿಂಬದಿಯ ಮುಚ್ಚಳ ಎತ್ತಿ ಎಂಜಿನ್ ಆಯಿಲ್ ನೋಡುತ್ತಿದ್ದಳು. ಮುಚ್ಚಳಕ್ಕೆ ಕೊಟ್ಟಿದ್ದ ಆಸರೆ ಜಾರಿತು. ಆ ಭಾರವೆಲ್ಲ ಅವಳ ತಲೆಯ ಹಿಂಭಾಗಕ್ಕೆ ಬಿತ್ತು. ರಕ್ತ ಬರಲಿಲ್ಲ, ಒಂದು ಬುಗುಟು ಎದ್ದಿತು ಅಷ್ಟೆ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಎಲ್ಲ ಸರಿಯಾಗಿದೆ, ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ನಾವು ಸಮಾಧಾನದ ಉಸಿರು ಬಿಟ್ಟೆವು.

ಬುಗುಟು ಇಳಿಯಿತು. ಉಳಿದದ್ದು ಯಾವುದೂ ಇಳಿಯಲಿಲ್ಲ.

ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸಿದರೆ ಕೋಣೆಯೇ ಗಿರಗಿರ ತಿರುಗುತ್ತಿತ್ತು. ತಲೆನೋವು ಬಿಡದೆ ಕಾಡುತ್ತಿತ್ತು. ನಾನು ಲೋಟವನ್ನು ಮೇಜಿನ ಮೇಲೆ ಇಟ್ಟ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅಂಗಡಿಗೆ ಹೋದರೆ ಸಾಲುಸಾಲು ಡಬ್ಬಿಗಳನ್ನು ನೋಡಿಯೇ ಹೊಟ್ಟೆ ತೊಳೆಸುತ್ತಿತ್ತು. ಮಾತುಗಳು ಬಾಯಿಯ ತನಕ ಬಂದು ತಪ್ಪಿಸಿಕೊಳ್ಳುತ್ತಿದ್ದವು. ಒಂದು ದಿನ ಅಡುಗೆಮನೆಯಲ್ಲಿ ನಿಂತು, "ಅತ್ತೆ, ಅದು ಕೊಡಿ, ಅದೇ... ಬಿಸಿಯಾಗಿದ್ದನ್ನ ಹಿಡ್ಕೊಳ್ಳೋದು" ಎಂದಳು. ಇಕ್ಕಳ. ದಿನಕ್ಕೆ ಹತ್ತು ಸಲ ಹಿಡಿಯುವ ಇಕ್ಕಳ. ನಾನು ಎತ್ತಿಕೊಟ್ಟೆ. ಅವಳು ಅದನ್ನು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕುಳಿತಳು.

ಡಾಕ್ಟರರನ್ನು ಹುಡುಕಿಕೊಂಡು ಹೊರಟೆವು. ಒಬ್ಬರು ಕಾಲವೇ ಮದ್ದು ಎಂದರು. ಇನ್ನೊಬ್ಬರು ಕತ್ತಿನ ತೊಂದರೆ ಎಂದು ನೋವಿನ ಮಾತ್ರೆ ಬರೆದರು. ಮತ್ತೊಬ್ಬರು ಕನ್ನಡಕ ತೆಗೆದು, ಬಹಳ ಮೃದುವಾಗಿ, "ಮನೇಲಿ ಏನಾದ್ರೂ ಟೆನ್ಷನ್ ಇದೆಯಾ? ಅತ್ತೆ ಜೊತೆ ಹೊಂದಾಣಿಕೆ ಹೇಗಿದೆ?" ಎಂದು ಕೇಳಿದರು. ಅತ್ತೆ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದಳು, ಸ್ವಾಮಿ. ನೀವು ನಗುತ್ತೀರಿ. ಆಟೋದಲ್ಲಿ ನಾವೂ ನಕ್ಕೆವು. ನಗುತ್ತಾ ನಗುತ್ತಾ ಅವಳು, "ನನಗೇ ಹುಚ್ಚು ಹಿಡೀತಿದೆಯಾ ಅತ್ತೆ?" ಎಂದಾಗ ನನ್ನ ನಗು ನಿಂತಿತು.

ಆ ಹೊತ್ತಿನಲ್ಲಿ ನನ್ನ ಮಗನಿಗೆ ವಿಪರೀತ ಕೆಲಸ. ಬೇರೆ ಊರಿಗೆ ವರ್ಗವಾಗಿತ್ತು.

ಈಗ ಅಧ್ಯಕ್ಷರು ನನ್ನನ್ನು ಕ್ಷಮಿಸಬೇಕು. ಅವರ ಕಚೇರಿಗೆ ನಾವು ಹೋದೆವು. ಅವರು ಆಸ್ಪತ್ರೆಯ ಕಾಗದ ನೋಡಿ, "ಫಿಟ್ ಅಂತ ಬರ್ಕೊಟ್ಟಿದ್ದಾರಲ್ಲಮ್ಮ, ನಾಳೆಯಿಂದ ಬಸ್ ತಗೊಳ್ಳಿ" ಎಂದರು. ಅವರದೇನೂ ತಪ್ಪಿಲ್ಲ, ಕಾಗದದಲ್ಲಿ ಹಾಗೇ ಇತ್ತು. ನನ್ನ ಸೊಸೆ ಮೇಜಿನ ಅಂಚು ಹಿಡಿದುಕೊಂಡು ಹೇಳಿದಳು: "ಸರ್, ಕನ್ನಡಿ ನೋಡೋಕೆ ತಲೆ ಹೊರಳಿಸ್ತೀನಿ. ತಲೆ ನಿಂತ ಮೇಲೂ ರಸ್ತೆ ತಿರುಗ್ತಾನೇ ಇರುತ್ತೆ. ನನ್ನ ಹಿಂದೆ ಒಂದು ಬಸ್ ತುಂಬ ಜನ ಕೂತಿರ್ತಾರೆ. ಕಾಗದ ಏನಾದ್ರೂ ಹೇಳ್ಲಿ, ನಾನು ಹತ್ತಲ್ಲ."

ಸಭಿಕರೇ, ಆ ಮಾತು ಆಡಲು ಅವಳಿಗೆ ಯಾವ ಬಲವಿತ್ತು? ಕೈಯಲ್ಲಿ ಪುರಾವೆ ಇರಲಿಲ್ಲ. ಕಾಯಿಲೆಗೆ ಹೆಸರಿರಲಿಲ್ಲ. ಕೆಲಸ ಹೋಗುವ ಹಾಗಿತ್ತು. ಆದರೂ ಹತ್ತಲ್ಲ ಎಂದಳು. ನಮ್ಮ ಮನೆಗೆ ಬಂದ ಇಷ್ಟು ವರ್ಷಗಳಲ್ಲಿ ನಾನು ಅವಳ ಬಗ್ಗೆ ಅತ್ಯಂತ ಹೆಮ್ಮೆಪಟ್ಟ ಗಳಿಗೆ ಇವತ್ತಿನದಲ್ಲ. ಅದು ಆ ಕಚೇರಿಯದು. ಅಧ್ಯಕ್ಷರೂ ಆಮೇಲೆ ಒಂದು ದಿನ ತಾವಾಗಿ ಮನೆಗೆ ಬಂದರು. ಅವಳು ಗೋಡೆ ಸವರಿಕೊಂಡು ಒಂದೊಂದೇ ಮೆಟ್ಟಿಲು ಇಳಿಯುವುದನ್ನು ಕಂಡರು. ಚಹಾ ಆರಿಹೋಗುವ ತನಕ ಲೋಟ ಮುಟ್ಟಲಿಲ್ಲ. ಮರುದಿನವೇ ಅವಳಿಗೆ ಟಿಕೆಟ್ ವಿಭಾಗದಲ್ಲಿ ಕುಳಿತು ಮಾಡುವ ಕೆಲಸ ಕೊಟ್ಟರು. ಆ ಉಪಕಾರವನ್ನು ನಾನು ಮರೆತಿಲ್ಲ.

ಮಗನ ವಿಷಯ ಹೇಳಿದೆನಲ್ಲ. ವರ್ಗವಾಗಿತ್ತು ಎಂದೆ. ಕೇಳಿ ಮಾಡಿಸಿಕೊಂಡ ಎನ್ನುವುದು ಹೆಚ್ಚು ಸರಿ. "ರಿಪೋರ್ಟ್ ಎಲ್ಲಾ ನಾರ್ಮಲ್ ಇದೆ, ಇವಳು ಮಾತ್ರ ನಾರ್ಮಲ್ ಆಗ್ತಿಲ್ಲ. ನನ್ ಕೈಲಿ ಆಗಲ್ಲಮ್ಮ, ನೀನೂ ಬಾ" ಎಂದ. ಒಬ್ಬನೇ ಮಗ. ಕರೆದಾಗ ಹೋಗಬೇಕು ಅನ್ನಿಸದೆ ಇರುತ್ತದೆಯೇ? "ಗುರುವಾರ ಇವಳಿಗೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಇದೆ ಕಣೋ" ಎಂದೆ. ಆ ಗುರುವಾರದ ನಂತರ ಇನ್ನೊಂದು ಗುರುವಾರ ಬಂತು. ನಾನು ಇಲ್ಲೇ ಉಳಿದೆ. ಇರಲಿ, ಅದು ಇಲ್ಲಿಯ ಮಾತಲ್ಲ.

ನನಗೆ ಬರುವುದು ಒಂದೇ ವಿದ್ಯೆ, ಫೋನು. ಕುಳಿತು ಆಸ್ಪತ್ರೆಗಳಿಗೆಲ್ಲ ಫೋನು ಹಚ್ಚಿದೆ. ಕಾಯಿರಿ ಎಂದರೆ ಕಾದೆ. ಕಾಯಿಸುವುದು ಹೇಗೆಂದು ನನಗೆ ಗೊತ್ತಿದ್ದ ಮೇಲೆ ಕಾಯುವುದು ಗೊತ್ತಿರುವುದಿಲ್ಲವೇ? ಒಂದು ದೊಡ್ಡ ಆಸ್ಪತ್ರೆಯಲ್ಲಿ ನರರೋಗ ವಿಭಾಗ ಕೇಳಿದರೆ ಕಿವಿಯ ವಿಭಾಗಕ್ಕೆ ಲೈನ್ ಕೊಟ್ಟುಬಿಟ್ಟರು. ತಪ್ಪು ಲೈನ್ ಕೊಡುವವರನ್ನು ನಾನು ನನ್ನ ಕಾಲದಲ್ಲಿ ಮನಸಾರೆ ಬೈದವಳು. ಆವತ್ತು ಆ ಕಡೆ ಎತ್ತಿದ್ದು ಒಬ್ಬ ಡಾಕ್ಟರಮ್ಮ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಮಲಗಿದಾಗ ಯಾವ ಕಡೆ ತಿರುಗಿದ್ರೆ ಜಾಸ್ತಿ?" ಎಂದರು. ಅಷ್ಟು ತಿಂಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಎಡಕ್ಕೆ ಎಂದೆ. "ಕರ್ಕೊಂಡು ಬನ್ನಿ" ಎಂದರು.

ಅವರು ಸೊಸೆಯನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಎಡಕ್ಕೆ ಹೊರಳಿಸಿ, ಸರ್ರನೆ ಹಿಂದಕ್ಕೆ ಮಲಗಿಸಿದರು. "ಕಣ್ಣು ಮುಚ್ಬೇಡಿ" ಎಂದರು. ಒಂದೆರಡು ಉಸಿರು ಏನೂ ಇಲ್ಲ. ಆಮೇಲೆ ಅವಳು ನನ್ನ ಕೈಯನ್ನು ಮುರಿಯುವ ಹಾಗೆ ಹಿಡಿದಳು. ಡಾಕ್ಟರಮ್ಮ, "ಅಮ್ಮಾ, ನೀವೂ ಬಗ್ಗಿ ನೋಡಿ" ಎಂದರು. ನೋಡಿದೆ. ಅವಳ ಕಣ್ಣಿನ ಗುಡ್ಡೆಗಳು ತಮ್ಮಷ್ಟಕ್ಕೆ ತಾವೇ ಪಟಪಟನೆ ತಿರುಗಿ ತಿರುಗಿ ಹೊಡೆದುಕೊಳ್ಳುತ್ತಿದ್ದವು.

"ಕಾಣಿಸ್ತಾ ಇದೆಯಾ?" ಎಂದು ಕೇಳಿದಳು ನನ್ನ ಸೊಸೆ. "ನಿಮಗೂ ಕಾಣಿಸ್ತಾ ಇದೆಯಾ ಅತ್ತೆ?"

"ಕಾಣಿಸ್ತಾ ಇದೆ ಕಣೇ" ಎಂದೆ.

ಅವಳು ಅತ್ತಳು. ಅಷ್ಟು ದಿನ ಅವಳೊಬ್ಬಳೇ ಕಂಡದ್ದನ್ನು ಇನ್ನಿಬ್ಬರು ಕಂಡಿದ್ದರು. ಬೇರೇನೂ ಬೇಕಿರಲಿಲ್ಲ ಆವತ್ತಿಗೆ.

ಕಿವಿಯ ಒಳಗೆ ಮೈಯ ಸಮತೋಲ ತಪ್ಪದಂತೆ ಕಾಯುವ ಪುಡಿಪುಡಿ ಹರಳುಗಳಿರುತ್ತವಂತೆ. ತಲೆಗೆ ಬಿದ್ದ ಪೆಟ್ಟಿನಿಂದ ಅವು ಜಾಗ ಬಿಟ್ಟು ಇರಬಾರದ ಕಡೆ ಸೇರಿಕೊಂಡಿದ್ದವು. ಸ್ಕ್ಯಾನಿನಲ್ಲಿ ಅದು ಕಾಣುವುದಿಲ್ಲ. ಡಾಕ್ಟರಮ್ಮ ತಲೆಯನ್ನು ಹೀಗೊಮ್ಮೆ ಹಾಗೊಮ್ಮೆ ಹೊರಳಿಸಿ ಅವುಗಳನ್ನು ಸ್ವಸ್ಥಾನಕ್ಕೆ ಕಳಿಸಿದರು. ಕೆಲವು ಭೇಟಿಗಳಲ್ಲಿ ಕೋಣೆ ತಿರುಗುವುದು ನಿಂತಿತು. ಆದರೆ ಅದರೊಂದಿಗೇ ಎಲ್ಲವೂ ಹೋಗಲಿಲ್ಲ. ಸದ್ದಿನ ಬಾಧೆ, ತಲೆನೋವು, ತಪ್ಪಿಸಿಕೊಳ್ಳುವ ಮಾತು, ಇವಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಹೇಳಿಕೊಟ್ಟರು. ನಾನು ಹೆಬ್ಬೆರಳು ಎತ್ತಿ ಹಿಡಿಯಬೇಕು, ಅವಳು ಅದನ್ನೇ ನೋಡುತ್ತಾ ತಲೆ ಆಡಿಸಬೇಕು. ಮನೆಯ ಹಜಾರದಲ್ಲಿ ಒಂದು ಹೆಜ್ಜೆಗೆ ಇನ್ನೊಂದು ಹೆಜ್ಜೆ ತಾಗಿಸಿ ನಡೆಯಬೇಕು. ಜೊತೆಗೆ ನಾನೂ ನಡೆದೆ. ಅವಳಿಗೆ ಎಷ್ಟು ಉಪಯೋಗವಾಯಿತೋ, ನನ್ನ ಮೊಣಕಾಲು ಮಾತ್ರ ಗಟ್ಟಿಯಾಯಿತು.

ತಲೆನೋವು ಇವತ್ತಿಗೂ ಪೂರ್ತಿ ಬಿಟ್ಟಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಆ ಡಾಕ್ಟರಮ್ಮ, "ನಿಜ ಹೇಳ್ಬೇಕಂದ್ರೆ ನನಗೂ ಗೊತ್ತಿಲ್ಲ, ಹುಡುಕೋಣ" ಎಂದರು. ಗೊತ್ತಿಲ್ಲ ಎಂದು ಒಪ್ಪಿಕೊಂಡ ಮೊದಲ ಡಾಕ್ಟರು ಅವರು. ಅವರ ಮೇಲೆ ನನ್ನ ನಂಬಿಕೆ ಇಮ್ಮಡಿಯಾಯಿತು.

ಕೊನೆಗೆ ಅವಳೇ ಅಧ್ಯಕ್ಷರ ಮುಂದೆ ಹೋಗಿ, "ಈಗ ಹತ್ತುತ್ತೀನಿ ಸರ್" ಎಂದಳು. ಪರೀಕ್ಷಕರು ಪಕ್ಕದಲ್ಲಿ ಕುಳಿತರು. ನಾನು ಗೇಟಿನ ಹೊರಗೆ ನಿಂತಿದ್ದೆ. ಬಸ್ಸು ಊರೆಲ್ಲ ಸುತ್ತಿ ಬಂದು ಇದೇ ಅಂಗಳದಲ್ಲಿ ನಿಂತಿತು. ಪರೀಕ್ಷಕರು ಇಳಿದು ನನ್ನ ಹತ್ತಿರ ಬಂದು, "ಗಾಡಿ ಚೆನ್ನಾಗಿ ಓಡಿಸ್ತಾರೆ. ಬ್ರೇಕ್ ಮಾತ್ರ ಸ್ವಲ್ಪ ಜಾಸ್ತಿ" ಎಂದರು. ಆ ಮಾತು ಕೇಳಿ ಇಡೀ ಗ್ಯಾರೇಜು ಶಿಳ್ಳೆ ಹೊಡೆದದ್ದು ನಿಮಗೆ ನೆನಪಿರಬೇಕು.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಒಂದೇ ಒಂದು ತಿದ್ದುಪಡಿ ಹೇಳಿ ಮುಗಿಸುತ್ತೇನೆ. ನನ್ನನ್ನು ಚಾಲಕಿಯ ಅತ್ತೆ ಎಂದು ಪರಿಚಯಿಸಿದರು, ನಾನೂ ಸೊಸೆ ಸೊಸೆ ಎನ್ನುತ್ತಲೇ ಬಂದೆ. ಕಾನೂನಿನ ಲೆಕ್ಕದಲ್ಲಿ ಅದು ಈಗ ಸರಿಯಲ್ಲ. ಅವಳೂ ನನ್ನ ಮಗನೂ ಬೇರೆಯಾಗಿ ಸ್ವಲ್ಪ ಕಾಲವಾಯಿತು. ನೋಡಿ, ವೇದಿಕೆಯಿಂದ ನನ್ನನ್ನು ಕೆಕ್ಕರಿಸಿ ನೋಡುತ್ತಿದ್ದಾಳೆ, ಇದನ್ನೆಲ್ಲ ಇಲ್ಲಿ ಹೇಳಬಾರದಿತ್ತು. ಕೋರ್ಟಿನಿಂದ ಮನೆಗೆ ಬಂದ ದಿನ ನಾನೇ ಕೇಳಿದೆ, "ಇನ್ನು ಮೇಲೆ ನನ್ನ ಏನಂತ ಕರೀತೀಯ?" ಎಂದು. ಅವಳು ಚಪ್ಪಲಿ ಬಿಡುತ್ತಾ, "ಇಷ್ಟು ವರ್ಷ ಕರೆದು ಬಾಯಿಗೆ ರೂಢಿಯಾಗಿದೆ, ಈಗೆಲ್ಲ ಬದಲಾಯಿಸೋಕಾಗಲ್ಲ. ಅತ್ತೆ, ಮಾತ್ರೆ ತಗೊಂಡ್ರಾ?" ಎಂದಳು.

ತೆಗೆದುಕೊಂಡಿರಲಿಲ್ಲ. ತೆಗೆದುಕೊಂಡೆ.

ಅವಳನ್ನು ನಂಬಿ ಕಾದ ಈ ಡಿಪೋಗೆ, ಕೈಯಾರೆ ಗುಣಪಡಿಸಿದ ಡಾಕ್ಟರಮ್ಮನಿಗೆ, ಐದು ನಿಮಿಷವೆಂದು ಹೇಳಿ ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ನಿಮಗೆಲ್ಲರಿಗೂ ಒಬ್ಬ ಅತ್ತೆಯ ಧನ್ಯವಾದಗಳು. ನಮಸ್ಕಾರ.