ಬಿಳಿ ಕರ್ಚೀಫು ಹಿಡಿದ ಕೈ

ಲೈಟ್ ಆರಿಸಬೇಡಿ, ಹೇಳ್ತೀನಿ. ಆದ್ರೆ ಮಧ್ಯೆ ಯಾರಾದ್ರೂ ಕಿಸಕ್ ಅಂದ್ರೆ ಎದ್ದು ಹೋಗ್ತೀನಿ, ಅಷ್ಟೇ. ಇದು ಆಗಿದ್ದು ನಮ್ಮ ಚಿಕ್ಕಮ್ಮನ ಮಗನಿಗೆ. ಫೋಟೋ ತೆಗೆಯೋನು. ನನಗಿಂತ ಚಿಕ್ಕವನು, ಬೈಯೋ ಹಕ್ಕು ನನಗಿದೆ.

ಆವತ್ತು ಒಂದು ಮದುವೆ ಕೆಲಸ ಮುಗಿಸಿ ರಾತ್ರಿ ಹನ್ನೊಂದರ ಮೇಲೆ ಒಬ್ಬನೇ ನಡ್ಕೊಂಡು ಬರ್ತಿದ್ದ. ಕುತ್ತಿಗೇಲಿ ಕ್ಯಾಮೆರಾ. ಹಾಳು ಬಾವಿ ದಾಟಿದ್ರೆ ಬಯಲು, ಆಮೇಲೆ ನಮ್ಮ ಬೀದಿ. ಬಾವಿ ಹತ್ರ ಬಂದಾಗ ಕೇಳಿಸ್ತು... ಠಣ್. ಠಣ್. ಠಣ್. ಕಬ್ಬಿಣದ ಗೂಟಕ್ಕೆ ಸುತ್ತಿಗೆ ಏಟು. ಮೂರು ಏಟು, ಒಂದು ಉಸಿರು. ಮತ್ತೆ ಮೂರು.

ಹಾಗೆ ಹೊಡೀತಿದ್ದೋನು ಒಬ್ಬನೇ, ಗೂಟದಣ್ಣ. ಅವನು ಸತ್ತು ಮೂರು ವಾರ ಆಗಿತ್ತು.

ಶಾಮಿಯಾನ ಹಾಕೋನು ಅವನು. ಕೆಂಪು ಬಟ್ಟೆ ಕೆಳಗೆ ನಿಂತ್ರೆ ಎಲ್ಲರ ಮುಖವೂ ಕೆಂಪಗೆ ಬರುತ್ತಲ್ಲ, ಅದಕ್ಕೆ ನಮ್ಮೋನು ಮೊದಲ ಫೋಟೋ ಯಾವಾಗ್ಲೂ ಬಿಳಿ ಕರ್ಚೀಫಿಂದು ತೆಗೀತಾನೆ. ಅದನ್ನ ನೋಡಿ ಬಣ್ಣ ಸರಿ ಮಾಡ್ಕೋತಾನೆ. ಕರ್ಚೀಫು ಹಿಡಿಯೋದು ಗೂಟದಣ್ಣ. "ನನ್ನ ಮುಖಾನೂ ಸ್ವಲ್ಪ ಬರಲಿ ಸಾರ್" ಅಂತ ನಗ್ತಿದ್ದ. ಪಾಪ, ಬರ್ತಿದ್ದಿದ್ದು ಬರೀ ಕೈ.

ಆ ಕೊನೇ ದಿನ ಕರ್ಚೀಫಿನ ಹಿಂದೆ ಕಬ್ಬಿಣದ ಕಂಬ ಇತ್ತು. ಕಂಬಕ್ಕೆ ಸುತ್ತಿದ್ದ ಫ್ಯಾನಿನ ವೈರು ಸುಲಿದು ತಾಮ್ರ ಕಾಣ್ತಿತ್ತು. ನಮ್ಮೋನು ನೋಡಿದ್ದು ಬಿಳಿ ಮಾತ್ರ. ಮಧ್ಯಾಹ್ನ ಗೂಟದಣ್ಣ ಆ ಕಂಬ ಹಿಡಿದ... ಮುಗೀತು.

ಶಾಮಿಯಾನದ ಮಾಲೀಕ, ಆ ಮನೆಹಾಳ, ಏನಂದ ಗೊತ್ತಾ? "ಕುಡಿದು ಬಂದು ವೈರಿಗೆ ಕೈ ಹಾಕಿದ." ಅವನ ಬಾಯಿಗೆ ಮಣ್ಣು ಬೀಳ! ಒಂದು ತೊಟ್ಟು ಮುಟ್ಟಿದೋನಲ್ಲ ಗೂಟದಣ್ಣ. ನಮ್ಮೋನಿಗೆ, "ಆ ವೈರು ಕಾಣೋ ಫೋಟೋ ಅಳಿಸು, ಮುಂದೆ ಕೆಲಸ ಬೇಕಲ್ವಾ" ಅಂದ. ಈ ಹೇಡಿ ಅಳಿಸಿದ. ಗೂಟದಣ್ಣನ ಹೆಂಡ್ತಿ ಬಾಗಿಲಿಗೆ ಬಂದು, "ಅಣ್ಣಾ, ಕುಡುಕನ ಮಗಳು ಅಂತಾರೆ ಅಂತ ನನ್ನ ಮಗಳು ಹೊರಗೇ ಹೋಗ್ತಿಲ್ಲ. ಆವತ್ತಿನ ಒಂದು ಫೋಟೋ ಇದ್ರೆ ಕೊಡಿ" ಅಂದ್ರೆ, ನನ್ನ ಮುಂದೇನೇ "ಇಲ್ಲಮ್ಮ" ಅಂದ. ಅಳಿಸಿದ್ದು ನನಗಾಗ ಗೊತ್ತಿರಲಿಲ್ಲ.

ಸರಿ, ಬಾವಿ ಹತ್ರ... ಠಣ್ ನಿಂತಿತು. ಬಟ್ಟೆ ಗಾಳಿಗೆ ಪಟಪಟ ಅಂತು. ನೋಡ್ತಾನೆ, ಬಯಲಲ್ಲಿ ಶಾಮಿಯಾನ! ಸಂಜೆ ಹೋಗುವಾಗ ಇರಲಿಲ್ಲ. ಕಿವಿ ಹತ್ರ ಪಿಸುಮಾತು.

"ಕರ್ಚೀಫ್ ಕೊಡಿ ಸಾರ್."

"ಯಾ... ಯಾಕೆ?"

"ಬಣ್ಣ ಸರಿ ಮಾಡ್ಕೋಬೇಡ್ವಾ?"

ಜೇಬಿಂದ ತೆಗೆದು ಚಾಚಿದ. ಯಾರೋ ಇಸ್ಕೊಂಡ್ರು.

"ತೆಗೀರಿ."

ಕ್ಲಿಕ್. ಫ್ಲ್ಯಾಶ್ ಬೆಳಕಲ್ಲಿ ಬರೀ ಬಯಲು. ಎದ್ನೋ ಬಿದ್ನೋ ಅಂತ ಓಡಿ ಬಂದು ನಮ್ಮ ಬಾಗಿಲು ಬಡಿದ. ಎಲ್ಲಾ ಒಪ್ಕೊಂಡ. ಬಾಯಿಗೆ ಬಂದಂಗೆ ಬೈದು ಕ್ಯಾಮೆರಾ ಕಿತ್ಕೊಂಡೆ. ಕೊನೇ ಫೋಟೋ... ಕರ್ಚೀಫು, ಅದನ್ನ ಹಿಡಿದ ಕೈ, ಕಂಬ, ಸುಲಿದ ವೈರು. ಕೆಳಗೆ ಗೂಟದಣ್ಣ ಸತ್ತ ದಿನದ ತಾರೀಖು. ಬೆಳಿಗ್ಗೆ ಒಂಬತ್ತೂಕಾಲು.

"ಅಳಿಸಿಬಿಡೋಣ ಅಕ್ಕಾ" ಅಂದ. ಆಗ ಕೊಟ್ಟೆ ನೋಡಿ ಕಪಾಳಕ್ಕೆ!

ಬೆಳಗಾಗ್ತಿದ್ದಂಗೆ ರಟ್ಟೆ ಹಿಡಿದು ಗೂಟದಣ್ಣನ ಮನೆಗೆ ಎಳ್ಕೊಂಡು ಹೋದೆ, ಅಲ್ಲಿಂದ ಪೊಲೀಸ್ ಸ್ಟೇಷನ್ನಿಗೆ. ಮಾಲೀಕ ಆಮೇಲೆ ಕುಡುಕ ಅನ್ನೋ ಮಾತೇ ಎತ್ತಲಿಲ್ಲ. ಆ ಹುಡುಗಿ ಈಗ ತಲೆ ಎತ್ಕೊಂಡು ಓಡಾಡ್ತಾಳೆ.

ಆದ್ರೆ ಆ ಬೆಳಿಗ್ಗೆ ಗೂಟದಣ್ಣನ ಹೆಂಡ್ತಿ ಫೋಟೋನ ತುಂಬಾ ಹೊತ್ತು ನೋಡಿದ್ಲು. "ಅವರ ಕೈನೇ" ಅಂದ್ಲು. ಆಮೇಲೆ ಫೋಟೋದಲ್ಲಿದ್ದ ಅಂಗೈ ಮೇಲೆ ಬೆರಳಿಟ್ಲು. ಅಲ್ಲಿ ಕಪ್ಪಗೆ ಸುಟ್ಟ ಗಾಯ.

"ಇದು ಹೆಣ ಮನೆಗೆ ಬಂದಾಗ ನೋಡಿದ್ದು ಅಕ್ಕಾ. ಬೆಳಿಗ್ಗೆ ಇರಲಿಲ್ಲ."

ಕರೆಂಟ್ ಹೊಡೆದಿದ್ದು ಮಧ್ಯಾಹ್ನ ಒಂದು ಗಂಟೆಗೆ. ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ಆ ಗಾಯಾನ ನಾನು ಈ ಕಣ್ಣಲ್ಲೇ ನೋಡಿದೀನಿ.