ಇಳಿಸದೆ ಬಿಟ್ಟ ಟಗರು

ಬಾಗಿಲ ಮುಂದ ಮಾಡ್ರಿ, ಥಂಡಿ ಗಾಳಿ ಬರ್ತದ... ಹಂ, ಈಗ ಕೇಳ್ರಿ.

ನಮ್ಮ ಕಾಕಾನ ಮಗ ದಿಲೀಪ, ಔರಾದ ಕಡಿ ಕುರಿ ಸಾಕ್ಕೊಂಡು ಇದ್ದೋನು. ಹೋದ ವರ್ಷ ಭಾಲ್ಕಿ ಸಂತಿ ಮುಗಿಸಿ ಕಡೀ ಬಸ್ಸಿಗಿ ಬಂದ. ಕ್ರಾಸಿನ್ಯಾಗ ಇಳದು ಮನಿ ದಾರಿ ಹಿಡದ. ದಾರಿ ಮಗ್ಗಲಕ ಒಂದು ಹಾಳಬಾವಿ ಅದ. ಅಮಾಸಿ ಗಿಮಾಸಿ ಏನಲ್ಲ, ಚಂದಾಗಿ ಬೆಳದಿಂಗಳಿತ್ತು. ಬಾವಿ ಸಮೀಪ ಬರೂದಕ್ಕ, ಮುಂದ ಸಪ್ಪಳ... ಟಣ್... ಟಕ್. ಟಣ್... ಟಕ್.

ಸೀಳಿದ ಗಂಟಿ. ಒಮ್ಮಿ ನುಡೀತದ, ಒಮ್ಮಿ ಬರೇ ಬಡೀತದ. ಅದು ಮಾಸ್ತರನ ಗಂಟಿ ಅಂತ ಊರಿಗೆಲ್ಲ ಗೊತ್ತು.

ಮಾಸ್ತರ ಅಂದ್ರ ಮನುಷ್ಯಾ ಅಲ್ರಿ, ಟಗರು. ಮರಿ ಇದ್ದಾಗಿಂದ ದಿಲೀಪ ಕೈಯಾರೆ ಹಾಲು ಕುಡಿಸಿ ಬೆಳಸಿದ್ದು. ಮಾರಿದ ಕುರಿ ಗಾಡಿ ಹತ್ತಾಕ ಅಂಜ್ತಾವ. ಮಾಸ್ತರ ಹಲಗಿ ಮ್ಯಾಲ ಹತ್ತಿದ್ರ ಉಳದಾವೆಲ್ಲ ಸಾಲಿ ಹುಡುಗರಂಗ ಹಿಂದ. ಎಲ್ಲಾ ಹತ್ತಿದ ಮ್ಯಾಲ ದಿಲೀಪ ಅದನ್ನೊಂದೇ ಮಗ್ಗಲದಿಂದ ಎತ್ತಿ ಇಳಸ್ತಿದ್ದ. ಉಳದಾವು ಕಸಾಯಿಖಾನಿಗಿ, ಮಾಸ್ತರ ಮನಿಗಿ.

ದಿಲೀಪನ ಅವ್ವ, ನಮ್ಮ ಸತ್ಯಮ್ಮ ಕಾಕಿ, ಒಮ್ಮಿ ಕೇಳಿದ್ಳು, "ಈ ಪಾಪ ಯಾರದೋ? ನಿಂದೋ, ಅದರದೋ?"

"ಅದಕ್ಕೇನ್ ತಿಳೀತದವ್ವಾ? ಜಾನವಾರ. ಅದಕ್ಕ ಮನಸ್ಸಂಬೂದು ಇರ್ತದೇನು?"

"ಮತ್ತ ನೀ ಇಳಸೂ ತನಾ ನಿನ್ನ ಮಾರೀನೇ ಯಾಕ ನೋಡ್ತದ?"

ನಕ್ಕು ಎದ್ದು ಹೋದ.

ಆ ದಿನ ಸಂತ್ಯಾಗ ಮಾಸ್ತರನ್ನೂ ಕೊರಳ ಗಂಟಿ ಸಮೇತ ಮಾರಿದ್ದ. ಸಾಲ ಇಲ್ಲ, ಸೂಲ ಇಲ್ಲ. ಮುಪ್ಪಾಗ್ಯದ, ಈಗಾದ್ರ ರೇಟ್ ಬರ್ತದ ಅಂತ, ಅಷ್ಟೇ. ನಾ ಅಲ್ಲೇ ಇದ್ದೆ. ಬ್ಯಾಡೋ ಅಂದೆ, ಕೇಳಲಿಲ್ಲ. ಗಾಡಿ ಚಾಲೂ ಆತು. ಮಾಸ್ತರ ಯಾವಾಗಿನಂಗ ಮಗ್ಗಲಕ ಬಂದು ನಿಂತು ಇವನ ಕಡಿ ನೋಡ್ತು. ಒದರಲಿಲ್ಲ. ಇಳಸ್ತಾನ ಅಂತ ನಂಬಿತ್ತು. ಥೂ... ನಂಬಿಸಿ ಕುತ್ತಿಗಿ ಕೊಯ್ಯೂದು ಅಂದ್ರ ಇದೇ ರಿ.

ಈಗ ಬಾವಿ ದಾರ್ಯಾಗ ಅದೇ ಗಂಟಿ ಮುಂದ ಹೊಂಟದ. ಇವನ ಕಾಲು ಹಿಂದ ಹೊಂಟಾವ. "ನಿಂದ್ರಬೇಕು ಅಂತ ಅಂದ್ಕೊಂಡೆ ಅಣ್ಣಾ," ಅಂತ ನನ್ನ ಮುಂದೇ ಹೇಳ್ಯಾನ. "ಖರೇ, ನಾ ಹೇಳಿದ್ದು ಕೇಳೂರು ನನ್ನೊಳಗ ಯಾರೂ ಇರಲಿಲ್ಲ."

ಇತ್ತ ಕಾಕಿ ಮಗನ ದಾರಿ ನೋಡಿ ನೋಡಿ ಸಾಕಾಗಿ, ಬ್ಯಾಟರಿ ಹಿಡದು ಬಂದಾಳ. ಬಾವಿ ಕಟ್ಟಿ ಮ್ಯಾಲ, ತೀರಾ ತುದಿಗಿ, ಮಗ ನಿಂತಾನ. ಒದರಿದ್ರ ಬೆದರಿ ಬಿದ್ದಾನು ಅಂತ ಮೆಲ್ಲಕ ಪಿಸುಗುಟ್ಟಿದ್ಳು...

"ದಿಲ್ಯಾ... ಇಳಿಯೋ."

"ಇಳಸೂರು ಬರ್ತಾರವ್ವಾ."

"ಯಾರೋ?"

ಬಾವಿ ಒಳಗ ಗಾಡಿ ಚಾಲೂ ಆದಂಗ ಗುರ್ರ್... ಗುರ್ರ್ ಅಂತು. ನೀರಿಲ್ಲದ ಬಾವಿ ರಿ ಅದು. ಕಾಕಿ ತನ್ನ ಕಿವಿಲೆ ಕೇಳ್ಯಾಳ. ಮಗನ ನಡಕ ತೆಕ್ಕಿ ಹಾಯ್ದು ಜಗ್ಗಿದ್ಳು, ಇಬ್ಬರೂ ಈಚಿ ಕಡಿ ಬಿದ್ರು. ಜೀವ ಉಳೀತು.

ಕುರಿ ಸಾಕೂದು ಬಿಟ್ಟಾನ ಈಗ. ಬೀದರದಾಗ ಒಂದು ಅಂಗಡ್ಯಾಗ ಕೆಲಸ, ದಿನಾ ಬಸ್ಸಿಗಿ ಹೋಗಿ ಬರ್ತಾನ. ನೀವು ನಗಬ್ಯಾಡ್ರಿ, ನಾ ಕಣ್ಣಾರೆ ಕಂಡದ್ದು ಹೇಳ್ತೇನಿ. ನಮ್ಮ ಕ್ರಾಸ್ ಬಂದ್ರೂ ಅವ ಏಳಂಗಿಲ್ಲ. ಕಾಕಿ ಬಸ್ ಹತ್ತಿ, ಕೈ ಹಿಡದು ಇಳಸ್ಕೊಂಡು ಬರಬೇಕು. ಹೋದ ವಾರ ಆಕಿಗಿ ಜ್ವರ ಬಂದು ಮಲಗಿದ್ಳು. ರಾತ್ರಿಯೆಲ್ಲಾ ಮಗ ಬರಲಿಲ್ಲ. ಮುಂಜಾನಿ ನಾ ಬಸ್ಸಿನ ಕಡೀ ಸ್ಟಾಪು ಔರಾದಕ್ಕ ಹುಡುಕ್ಕೊಂಡು ಹೋದೆ. ನಿಂತ ಬಸ್ಸಿನ್ಯಾಗ ಒಬ್ಬನೇ, ಖಿಡಕಿಯಿಂದ ಹೊರಗ ನೋಡ್ಕೋತ ಕುಂತಿದ್ದ.